ದೋಣಿ ಕಟ್ಟಿದ ಜಾಗ

ದೊಡ್ಡಮುನಿಯಪ್ಪನವರು ಸಮುದ್ರ ಕಂಡವರಲ್ಲ. ಆದರೂ ಬಾಮೈದ ಮುನಿಕೃಷ್ಣಪ್ಪನ ಜೊತೆ ಮಂಗಳೂರಿನಲ್ಲಿ ಪಾಲಿಗೆ ಒಂದು ಮೀನಿನ ದೋಣಿ, ಎರಡು ಬಲೆ ಕೊಂಡಿದ್ದರು. ಅಲ್ಲಿಂದ ಬಂದಿಳಿದ ಬಾಮೈದನನ್ನು ಅವರು ಹೆಬ್ಬಾಳದ ಬಸ್ ಸ್ಟಾಪಿನಲ್ಲೇ ತಡೆದು ನಿಲ್ಲಿಸಿದರು. ಪಕ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದ ಅವರ ಊರಿನ ಚಿಕ್ಕಮಾರಯ್ಯ ಬೀಡಿ ಹಚ್ಚುವುದನ್ನು ಬಿಟ್ಟು ಕಿವಿಗೊಟ್ಟ.

“ದೋಣಿ ಎಲ್ಲಿ ಕಟ್ದೆ?”

“ಎಲ್ಲಾರೂ ಕಟ್ಟೋ ಕಡೆ ಬ್ಯಾಡ, ಕಳ್ರ ಸಂತೆ ಅದು ಅಂದಿದ್ರಲ್ಲ ಭಾವ. ದೂರದಾಗೆ ಒಂದು ಕಲ್ಗೋಡೆಗೆ ಕಟ್ದೆ.”

“ಹಗ್ಗ?”

“ನೀವು ಯೋಳ್ದಂಗೇ ಗಿಡ್ಡಕ್ಕೆ. ತುಡುಗು ಎತ್ತು ಕಟ್ದಂಗೆ ಬಿಗ್ದಿದ್ದೆ.”

“ಮತ್ಯಾಕೋ ಮುಖ ತಪ್ಪಿಸ್ತೀಯ? ಮಾರ್ಕೊಂಡ್ಯಾ?”

“ಅಮ್ಮನಾಣೆ ಇಲ್ಲ! ಆ ನೀರು ನಮ್ಮ ಅಲ್ಲಾಳಸಂದ್ರ ಕೆರೆ ಅಂಗಲ್ಲ ಭಾವ. ದಿನಾ ಏರ್ತದೆ, ದಿನಾ ಇಳೀತದೆ. ನೀರು ಕೆಳಕ್ಕೋಯ್ತು, ದೋಣಿ ಹಗ್ಗದಾಗೆ ನೇತಾಡ್ತು. ಮಗುಚ್ಕೊಂಡು ಕಲ್ಲಿಗೆ ಬಡ್ದು ಒಡೆದೋಯ್ತು. ಒಳಗಿದ್ದ ಬಲೇನೂ ನೀರುಪಾಲಾಯ್ತು.”

“ದಿನಾ ಇಳಿಯೋ ನೀರಂತೆ! ತೂಬು ಎತ್ತೋನು ಯಾರೋ ಅಲ್ಲಿ, ನಿಮ್ಮಪ್ಪನಾ?”

“ನೀವೇ ಬಂದು ನೋಡಿ.”

“ನಿನ್ ಜೊತೆ ಎಲ್ಲಿಗೂ ಬರಲ್ಲ ಕಣೋ.”

ಯಲಹಂಕದ ಬಸ್ಸು ಬಂತು. ದೊಡ್ಡಮುನಿಯಪ್ಪನವರು ಹತ್ತಿ ಕೂತು, ಪಕ್ಕದ ಜಾಗದಲ್ಲಿ ತಮ್ಮ ಟವೆಲು ಹಾಸಿದರು. ಮುನಿಕೃಷ್ಣಪ್ಪ ಕೆಳಗೇ ಉಳಿದ.

ಹೋದದ್ದು ಒಂದು ದೋಣಿ, ಎರಡು ಬಲೆ.