ಕೊನೇ ಹೊನ್ನಾರು

ಅಲ್ಲ ಕಣ್ರೋ ಮಕ್ಳಾ, ಹೊಲ ಬುಟ್ಟು ಬಂದ್ಮೇಲೆ ತಾತ ಬೇಜಾರಾಗವ್ರೆ ಅಂತ ನಿಮ್ಗೆ ಯಾರು ಹೇಳಿದ್ದು? ಈ ಸದಾಶಿವನಗರದ ಮನೇಲಿ ಅವ್ರು ಹೆಂಗೆ ಗೊರಕೆ ಹೊಡೀತಾರೆ ಕೇಳಿಸ್ಕೊಳಿ. ನಮ್ಮೂರು ಕಡಬದ ಆ ಹೊಲದಲ್ಲಿ ಅವ್ರಪ್ಪ, ಅವ್ರ ತಾತ, ಎಲ್ಲಾ ಗೇದು ಗೇದು ಬಗ್ಗಿದೋರೇ. ಇವ್ರದ್ದೂ ಸೊಂಟ ಸವೆದೋಯ್ತು, ಡಾಕ್ಟ್ರು ಇನ್ ನೇಗ್ಲು ಮುಟ್ಬ್ಯಾಡಿ ಅಂದ್ರು. ರೈತ ದೇಶದ ಬೆನ್ನೆಲುಬು ಅಂತ ಮೈಕಲ್ಲಿ ಕೂಗ್ತಾರಲ್ಲ, ಅವ್ರಲ್ಲಿ ಒಬ್ನಾದ್ರೂ ಬಂದು ಇವ್ರ ಬೆನ್ನಿಗೆ ಎಣ್ಣೆ ತಿಕ್ಕಿದ್ನಾ? ತಿಕ್ಕಿದ್ದು ನಾನು. ಸರಿ, ನಿಮ್ಮಮ್ಮ ಬಂದ್ಬುಡಿ ಅಂದ್ಲು. ಪಕ್ಕದ ಹೊಲದ ಲಕ್ಷ್ಮಿಗೆ ಎತ್ತೂ ಸಾಕ್ಕೋ ಅಂತ ಕೊಟ್ಟು, ಹೊಲಾನೂ ಗುತ್ತಿಗೆಗೆ ಮಾತಾಡಿದ್ದಾಯ್ತು. ಇವ್ರು ಮಾತ್ರ 'ಹೊನ್ನಾರು ಯಾರೇ ಹೂಡ್ತಾರೆ?' ಅಂತ ಜಗಲಿ ಬುಟ್ಟು ಏಳ್ಲಿಲ್ಲ. ನಿಮ್ಗೆಲ್ಲಿ ಗೊತ್ತು, ಯುಗಾದಿ ಆದ್ಮೇಲೆ ವರ್ಷದ ಮೊದಲ್ನೇ ಉಳುಮೆ ಅದು. ನಮ್ಮನೆ ಹಿರೀಕ್ರು ಒಂದ್ ಸಾಲು ಹೊಡೆದ ಮೇಲೇನೇ ಊರಲ್ಲಿ ಮಿಕ್ಕೋರು ಹೊಲಕ್ಕಿಳಿಯೋದು.

ಹೊನ್ನಾರಿನ ದಿನ ಊರ ಗೌಡ್ರು ಬಂದ್ರು. ಒಬ್ರೇ ಅಲ್ಲ, ಹಿಂದೆ ಬಾಲದಂಗೆ ಇನ್ನೊಂದಷ್ಟು ಜನ. 'ಅಲ್ಲಮ್ಮಾ ಗಂಗಮ್ಮ, ಯಜಮಾನ್ರು ಹೊಂಟೋದ್ರೆ ಊರಿನ ಗತಿ?' ನಾನು ಕೇಳ್ದೆ, 'ಗೌಡ್ರೇ, ನಿಮ್ ಹೊಲ ಉಳೋದು ಯಾತ್ರಲ್ಲಿ?' 'ಟ್ರ್ಯಾಕ್ಟ್ರಲ್ಲಿ.' 'ಊರಿಗೆಲ್ಲ ಟ್ರ್ಯಾಕ್ಟ್ರು, ಶಾಸ್ತ್ರಕ್ಕೆ ಮಾತ್ರ ಸೊಂಟ ಹೋದ ಮುದುಕನಾ? ಬನ್ನಿ, ನೀವೇ ಹಿಡೀರಿ ನೇಗ್ಲು.' ಬೇಲಿ ಆಚೆಯಿಂದ ಲಕ್ಷ್ಮಿ, 'ಅಕ್ಕಾ, ನನ್ ಟ್ರ್ಯಾಕ್ಟ್ರಿಗೇ ಅರಿಶಿನ ಕುಂಕುಮ ಹಚ್ಚು, ನಾ ಹೊಡೀತೀನಿ' ಅಂದ್ಲು. 'ಹೆಂಗ್ಸಾ?' ಅಂದ್ರು ಗೌಡ್ರು. 'ಇಷ್ಟು ವರ್ಷ ಕಳೆ ಕಿತ್ತೋರು ಯಾರು, ನಿಮ್ಮಪ್ಪನಾ?' ಅಂದೆ. ನಾನೇ ಹೋಗಿ ಕುಂಕುಮ ಹಚ್ದೆ.

ನಿಮ್ ತಾತ ಬದುವಿನ ಮೇಲೆ ಕೂತಿದ್ರು. ಎಲ್ಲಿ ಅತ್ಬುಡ್ತಾರೋ, ಬರಲ್ಲ ಅಂತಾರೋ ಅಂತ ನಾನು ಅವ್ರ ಪಕ್ಕದಲ್ಲೇ ನಿಂತ್ಕೊಂಡೆ. ಲಕ್ಷ್ಮಿ ಆ ತುದೀಗೆ ಹೋಗಿ ತಿರುಗಿಸ್ಕೊಂಡು ಬಂದ್ಲು. ಇವ್ರು ಸಾಲು ನೋಡಿದ್ರು, ನೋಡಿದ್ರು, ಎದ್ದು ಟವೆಲ್ ಕೊಡವಿ ಹೆಗಲಿಗೆ ಹಾಕ್ಕೊಂಡ್ರು. 'ನನ್ಗಿಂತ ನೆಟ್ಗೆ ಹೊಡ್ದವ್ಳೆ ಕಣೇ. ನಡಿ, ಗುಬ್ಬಿ ಬಸ್ಸು ಹೊಂಟೋಗ್ತದೆ.' ಅಷ್ಟೇ. ದಾರೀಲಿ ಕಂಡಕ್ಟರ್ ಜೊತೆ ಹರಟೆ ಹೊಡ್ಕೊಂಡೇ ಬಂದ್ರು.

ನಮ್ ಕೈಲಾಗ್ದೇ ಇದ್ದಾಗ ಕೈಲಾಗೋರಿಗೆ ಕೊಟ್ಟು ಎದ್ದು ಬಂದ್ಬುಡ್ಬೇಕು ಕಣ್ರೋ, ಅದ್ರಲ್ಲಿ ನಾಚ್ಕೆ ಏನಿಲ್ಲ. ಏಳಿ, ಮುದ್ದೆ ಆರೋಗ್ತದೆ.