ಹೊರಗೆ ಮುಖ ಮಾಡಿದ ಚಪ್ಪಲಿ

ಒಬ್ಬ ಶ್ರೀಮಂತ ಇದ್ದ. ಊರು ಯಾವುದು ಅಂತ ಕೇಳಬೇಡಿ, ನಮ್ಮೂರೇ ಅಂದ್ಕೊಳ್ಳಿ. ಹೆಂಡತಿ ಹೋದ ಮೇಲೆ ಒಬ್ಬನೇ ಇರೋಕಾಗದೆ, ಆರು ಸಂಸಾರ ಸೇರಿ ಕಟ್ಟಿಕೊಂಡ ಒಂದು ಕೂಡುಮನೆಗೆ ಬಂದ. ಕೋಣೆ ಬೇರೆ ಬೇರೆ, ಅಡುಗೆಮನೆ ಒಂದೇ, ಚಪ್ಪಲಿ ಬಿಡೋ ಬಾಗಿಲೂ ಒಂದೇ.

ಇವನಿಗೆ ಎಲ್ಲದರಲ್ಲೂ ಅನುಮಾನ. ಪಕ್ಕದವರು ನಕ್ಕರೆ ನನ್ನನ್ನೇ ಆಡಿಕೊಂಡರು, ಸುಮ್ಮನಿದ್ದರೆ ಏನೋ ಮುಚ್ಚಿಡ್ತಿದ್ದಾರೆ. ನಗಬೇಡಿ, ನಿಮ್ಮಲ್ಲೂ ಇದ್ದಾರೆ ಇಂಥವರು.

ನೋಡಿ, ಇವನು ಚಪ್ಪಲಿ ಬಿಡೋದು ಒಳಗೆ ಮುಖ ಮಾಡಿ. ಒಂದಿನ ನೋಡ್ತಾನೆ, ಹೊರಗೆ ಮುಖ ಮಾಡಿದೆ. ಮಾರನೇ ದಿನವೂ ಹಾಗೇ. ಬೇರೆ ಯಾರದೂ ತಿರುಗಿಲ್ಲ, ಇವನದು ಮಾತ್ರ. ಅಂದರೆ ಏನರ್ಥ? ಜಾಗ ಖಾಲಿ ಮಾಡು ಅಂತ ತಾನೇ? ಊಟ ಸೇರಲಿಲ್ಲ ಅವನಿಗೆ. ಬಾಗಿಲ ಸಂದಿಯಲ್ಲಿ ಕಾದು ನಿಂತು ಕಂಡುಹಿಡಿದೇಬಿಟ್ಟ. ತಿರುಗಿಸ್ತಿದ್ದವಳು ದಾಕ್ಷಾಯಿಣಿ, ಮೂವತ್ತು ವರ್ಷ ಅಂಗನವಾಡಿ ನಡೆಸಿದ ಹೆಂಗಸು. ಮೂರು ತಿಂಗಳು ಇದ್ದು ನೋಡಲಿ ಅಂತ ಅವಳನ್ನ ಸೇರಿಸಿಕೊಂಡಿದ್ದರು. ಮನೆಯವರಲ್ಲಿ ಒಬ್ಬರು ಬೇಡ ಅಂದರೂ ಹೊರಡಬೇಕು. ಅವಳಿಗೆ ಬೇರೆ ನೆಲೆ ಇರಲಿಲ್ಲ.

ಎಲ್ಲರೂ ಊಟಕ್ಕೆ ಕೂತಾಗ ಇವನು ವಿಷಯ ಎತ್ತಿದ. ಹೌದು ನಾನೇ, ಮಕ್ಕಳ ಚಪ್ಪಲಿ ಹಾಗೇ ಇಡ್ತಿದ್ದೆ, ಅಭ್ಯಾಸ ಅಂದಳು ಅವಳು.

"ಇಷ್ಟು ಜನರದು ಬಿಟ್ಟು ನನ್ನದೇ ಯಾಕೆ?"

ಅವಳು ಅವನ ಮಂಡಿ ಕಡೆ ಒಮ್ಮೆ ನೋಡಿದಳು. ಸುತ್ತ ಕೂತವರನ್ನ ನೋಡಿದಳು. ತಲೆ ತಗ್ಗಿಸಿದಳು. ನೋಡಿದ್ರಾ, ಬಾಯೇ ಬಿಡ್ತಿಲ್ಲ ಅಂದ ಶ್ರೀಮಂತ. ಈ ಹೆಂಗಸು ನಮಗೆ ಬೇಡ ಅಂದ. ಮಾರನೇ ದಿನ ಅವಳು ಟ್ರಂಕು ಹಿಡ್ಕೊಂಡು ಹೊರಟಳು.

ಅದರ ಮಾರನೇ ಬೆಳಿಗ್ಗೆ ಇವನು ಬಾಗಿಲಿಗೆ ಬಂದ. ಚಪ್ಪಲಿ ಬಿಟ್ಟ ಹಾಗೇ ಇದೆ. ತಿರುಗಿಸೋಣ ಅಂತ ಬಗ್ಗಿದ, ಆಗಲಿಲ್ಲ. ತಾನೇ ತಿರುಗಿ ನಿಂತು ಕಾಲು ತೂರಿಸೋಣ ಅಂದ್ರೆ ಮೆಟ್ಟಿಲ ಮೇಲೆ ಮಂಡಿ ನಿಲ್ಲಲಿಲ್ಲ. ಗೋಡೆ ಹಿಡಿದುಕೊಂಡು ಒದ್ದಾಡಿದ. ಅವಳು ಚಪ್ಪಲಿ ತಿರುಗಿಸೋಕೆ ಶುರು ಮಾಡೋ ಮುಂಚೆ ದಿನಾ ಹೀಗೇ ಒದ್ದಾಡ್ತಿದ್ದ, ಯಾರೂ ನೋಡಿಲ್ಲ ಅಂದ್ಕೊಂಡಿದ್ದ. ಅವಳು ನೋಡಿದ್ದಳು. ಎಲ್ಲರ ಮುಂದೆ ಅದನ್ನ ಹೇಳಬಾರದು ಅನ್ನೋದೂ ಅವಳಿಗೆ ಗೊತ್ತಿತ್ತು.

ಹೋಗಿ ಕರ್ಕೊಂಡು ಬಂದನಾ ಅಂತ ಕೇಳ್ತೀರಿ. ಹೇಳಲ್ಲ. ಹೇಳಿದರೆ ನೀವು ಹಗುರಾಗಿ ಮನೆಗೆ ಹೋಗ್ತೀರಿ.

ನಿಮ್ಮ ಸೊಸೆ, ನಿಮ್ಮ ಅತ್ತೆ, ನಿಮ್ಮ ಪಕ್ಕದ ಮನೆಯವರು, ಅವರ ಯಾವ ಅಭ್ಯಾಸ ನೋಡಿ ನಿಮ್ಮ ಮೈ ಉರಿಯುತ್ತೋ, ಅದು ಯಾಕೆ ಅಂತ ನಾಳೆ ಕೇಳಿ. ನಾಲ್ಕು ಜನರ ಮುಂದೆ ಅಲ್ಲ. ಒಬ್ಬರೇ ಇದ್ದಾಗ, ಪಕ್ಕದಲ್ಲಿ ಕೂತು ಕೇಳಿ. ಈಗ ಎದ್ದು ಹೋಗುವಾಗ ಆ ಬಾಗಿಲಲ್ಲಿ ನಿಮ್ಮ ಚಪ್ಪಲಿ ಬಿಟ್ಟ ಹಾಗೆ ಇಲ್ಲದಿದ್ದರೆ, ಯಾರು ಮುಟ್ಟಿದರು ಅಂತ ಕೂಗಾಡಬೇಡಿ. ಮೊದಲು ಅದರೊಳಗೆ ಕಾಲಿಟ್ಟು ನೋಡಿ.