ನಾಲ್ಕನೇ ಬಾಟಲಿ

…ನಗಬೇಡ್ವೇ! ನಗೋದೇನಿದೆ ಇದರಲ್ಲಿ? ಬೋಲ್ಟ್ ಕೈಜಾರಿ ಬಿತ್ತು, ಹುಡುಕ್ತಾ ಇದ್ದೀನಿ. ಇಲ್ಲೇ ಎಲ್ಲೋ… ಆಂ? ನನ್ನ ಕಾಲ ಹತ್ರಾನೇ ಇತ್ತಾ? ಹ್ಞೂಂ, ಕೊಡು. ವಿಮಾನ ನಿಲ್ಲಿಸೋ ಈ ಹ್ಯಾಂಗರಲ್ಲಿ ಬೆಳಕೇ ಸರಿ ಇಲ್ಲ ಕಣೇ. ಮಾಲೀಕರಿಗೆ ಹತ್ತು ಸಲ ಹೇಳಿದೀನಿ, ಲೈಟ್ ಹಾಕ್ಸಿ ಅಂತ.

ಏನು? ಬಾಗಿಲು ಪೂರ್ತಿ ತೆಗೆದಿದೆ, ಮಟಮಟ ಮಧ್ಯಾಹ್ನ ಅಂತೀಯಾ? ಅದು ಹೊರಗಿನ ಬೆಳಕು. ಇಂಜಿನ್ ಒಳಗಿಂದೇ ಬೇರೆ!

ಹೋಗು ಹೋಗು, ವಿಮಾನ ಹತ್ತು. ನಿನ್ನ ಇಬ್ಬರು ಪ್ಯಾಸೆಂಜರ್ ಆಗಲೇ ಬಂದು ಕೂತಿದ್ದಾರೆ. ನಿನ್ನಣ್ಣ ಕೈಯಿಟ್ಟ ಇಂಜಿನ್ ಇದು. ಹದಿನೇಳು ವರ್ಷದಲ್ಲಿ ಒಂದಾದ್ರೂ ಮೇಲೆ ಹೋಗಿ ಕೆಮ್ಮಿದ್ದುಂಟಾ? ಹೇಳು!

ಬಾಟಲಿನಾ? ನೋಡ್ಕೋ, ಸಾಲಾಗಿ ಬೆಂಚಿನ ಮೇಲಿವೆ. ಆರು ಸಿಲಿಂಡರಿಗೆ ಪೆಟ್ರೋಲ್ ಚಿಮ್ಮಿಸೋ ಆರು ನಾಝಲ್, ಒಂದೊಂದರ ಬಾಯಿಗೂ ಒಂದೊಂದು ಬಾಟಲಿ ಹಿಡಿದು ಪಂಪ್ ಬಿಟ್ಟೆ. ಆರರಲ್ಲೂ ಪೆಟ್ರೋಲ್ ಬಾಟಲಿ ಮೇಲಿನ ಗೆರೆವರೆಗೆ ಬಂದ್ರೆ ಸರಿ. ಒಂದರಲ್ಲಿ ಕಮ್ಮಿ ಬಂತೋ, ಆ ನಾಝಲ್‌ನಲ್ಲಿ ಕಸ ಇದೆ ಅಂತ. ಆ ಸಿಲಿಂಡರಿಗೆ ಹೊಟ್ಟೆಗಿಲ್ಲ. ಮೇಲೇಳೋವಾಗ್ಲೇ ಕೈ ಕೊಡುತ್ತೆ… ಅಯ್ಯೋ, ನಿನಗೆ ಪಾಠ ಹೇಳ್ತಿದೀನಲ್ಲ, ಪೈಲಟಮ್ಮನಿಗೆ!

ಲಾಗ್ ಬುಕ್ಕಾ? ಇಂಜಿನ್ ಸರಿ ಇದೆ ಅಂತ ಸಹಿ ಹಾಕಾಯ್ತು. ನೀನೇ ಓದ್ಕೋ, ನನ್ನ ಕೈಯೆಲ್ಲ ಗ್ರೀಸು. …ಯಾಕೆ? ಸಹಿ ಗೆರೆ ಮೇಲಿಲ್ವಾ? ಪಕ್ಕದ ಸಾಲಿಗೆ ಹೋಗಿದ್ಯಾ? ಹೋಗ್ಲಿ ಬಿಡೇ, ಸಹಿ ಅಂದ್ರೆ ಸಹಿ!

ಯಾರು ಹೇಳಿದ್ದು ನಿನಗೆ? ನಿಮ್ಮತ್ತಿಗೆನಾ? ಅವಳಿಗೇನು ಗೊತ್ತು! ಒಂದು ಟೀ ಲೋಟ ತಟ್ಟಿ ಬೀಳಿಸಿದ್ದಕ್ಕೆ ಊರೆಲ್ಲ ಡಂಗುರ ಹೊಡೀತಾಳೆ. ಡಾಕ್ಟರಂತೆ, ಪರೀಕ್ಷೆಯಂತೆ… ಮಾಲೀಕರ ಕಿವಿಗೆ ಬಿದ್ರೆ ನಾಳೆಯೇ ಮನೇಲಿ ಕೂರಿಸ್ತಾರೆ, ಗೊತ್ತಾ? ಇಂಜಿನ್ ಬಿಟ್ರೆ ನನಗಿನ್ನೇನು ಬರುತ್ತೆ? ನೀನೂ ಅವಳ ಜೊತೆ ಸೇರ್ಕೋಬೇಡ.

ಏನದು ಕೈಯಲ್ಲಿ? ನಾಲ್ಕನೇ ಬಾಟಲಿನಾ? ನೋಡಿದೀನಿ, ನೋಡಿದೀನಿ. ಗೆರೆಗೆ ಸರಿಯಾಗಿದೆ, ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಇನ್ನೂ ಹತ್ರ ಹಿಡೀತೀಯಾ? ಹಿಡಿ! ಅದೇ ಅಂದ್ನಲ್ಲ, ಗೆರೆಗೆ…

ಮಾತಾಡೇ.

ಯಾಕೆ ಸುಮ್ನಾದೆ? ಬೈಯೋದಾದ್ರೆ ಬೈದುಬಿಡು. ಹೀಗೆ ಮೂಕಿ ಥರ ನಿಲ್ಬೇಡ, ನನಗೆ ಭಯ ಆಗುತ್ತೆ.

ಕೊಡಿಲ್ಲಿ. ಬೆರಳು ಹಾಕಿ ನೋಡ್ತೀನಿ. ಮೊದಲ್ನೇ ಬಾಟಲಿ… ಇಗೋ, ಒಂದು ಗೆಣ್ಣು ಇಳಿಸೋಷ್ಟರಲ್ಲಿ ಪೆಟ್ರೋಲ್ ಸಿಕ್ತು. ಈಗ ನಾಲ್ಕನೇದು. ಒಂದು ಗೆಣ್ಣು… ಎರಡು… ಪೂರ್ತಿ ಬೆರಳು ಹೋಯ್ತಲ್ಲೇ! ತುದಿ ಕೂಡ ಒದ್ದೆ ಆಗ್ಲಿಲ್ಲ!

ನಾನು ಇದನ್ನ ಸರಿ ಇದೆ ಅಂತ ಬರೆದುಬಿಟ್ಟೆ. ನಿನ್ನ ಹತ್ತಿಸಿ ಕಳಿಸ್ತಿದ್ದೆ… ನನ್ನ ಕೈಯಾರೆ…

ಪುಟ್ಟೀ, ಅಳ್ತಾ ಇದ್ದೀಯಾ? ನೀನೇ ಹೇಳ್ಬೇಕು ಕಣೇ, ನನಗೆ ಕಾಣ್ತಿಲ್ಲ. ಮೂರು ತಿಂಗಳಾಯ್ತು, ನಿನ್ನ ಮುಖವೂ ನನಗೆ ಸರಿಯಾಗಿ ಕಾಣ್ತಿಲ್ಲ.

ಹೋಗು, ಅವರಿಬ್ಬರಿಗೂ ಇವತ್ತು ಹೊರಡಲ್ಲ ಅಂತ ಹೇಳು. ಬರೋವಾಗ ಲಾಗ್ ಬುಕ್ ತಗೊಂಡು ಬಾ. ನನ್ನ ಸಹಿ ಎಲ್ಲಿದೆಯೋ ಅಲ್ಲಿ ನನ್ನ ಬೆರಳು ಇಡಿಸು, ಹೊಡೆದುಹಾಕ್ತೀನಿ.